ಮಂಗಳವಾರದ ಕ್ಷೌರ

ಕಳೆದ ಮಂಗಳವಾರ ಆ ಕ್ಷೌರಿಕರು ಕಾಪುವಿನ ತಮ್ಮ ಮನೆಯಲ್ಲಿ ತೀರಿಕೊಂಡರು. ನಮ್ಮ ಕಡೆಯ ಸೆಲೂನುಗಳಿಗೆ ಮಂಗಳವಾರ ರಜೆ. ಉಡುಪಿಯ ಬಸ್‌ಸ್ಟ್ಯಾಂಡಿನಲ್ಲಿ ನನಗೆ ಸುದ್ದಿ ಹೇಳಿದವರು, “ಸಾಯ್ಲಿಕ್ಕೂ ರಜೆಯ ದಿವಸವೇ ನೋಡಿಕೊಂಡರು ನೋಡಿ ಮಾಷ್ಟ್ರೇ, ಒಂದು ಗಿರಾಕಿಗೂ ತೊಂದರೆ ಇಲ್ಲ” ಎಂದು ನಕ್ಕರು. ಅವರಿಗೆ ಗೊತ್ತಿರಲಿಲ್ಲ, ಅಥವಾ ಮರೆತಿದ್ದರು. ಆ ಮನುಷ್ಯ ಇಪ್ಪತ್ತು ವರ್ಷ ಒಂದು ಮಂಗಳವಾರವೂ ಮನೆಯಲ್ಲಿ ಕೂತವರಲ್ಲ. ಊರಿಗೆ ಮರೆವು ಬೇಕಾದಾಗ ಬರುತ್ತದೆ, ಬೇಡವಾದಾಗ ಬರುವುದಿಲ್ಲ. ಇದನ್ನು ಊರಿನ ಮೇಲೆ ಹಾಕಿ ಕೈತೊಳೆದುಕೊಳ್ಳಲು ಹೇಳುತ್ತಿಲ್ಲ, ನಾನೂ ಅದೇ ಊರಿನವನು.

ಅವರ ಹೆಸರು ಬರೆಯುವುದಿಲ್ಲ. ಹೆಸರು ಹಾಕದೆ ಒಂದು ಸಾಲು ಬರೆದೇ ಅವರ ಅಂಗಡಿಗೆ ಬಾಗಿಲು ಹಾಕಿಸಿದವನು ನಾನು. ನಾನಾಗ ಉಡುಪಿಯ ಒಂದು ಪ್ರಾಥಮಿಕ ಶಾಲೆಯಲ್ಲಿ ಮಾಷ್ಟ್ರು. ಬದಿಯಲ್ಲಿ ಒಂದು ವಾರಪತ್ರಿಕೆಗೆ ವರದಿ ಬರೆಯುವ ಚಟವೂ ಇತ್ತು. ಎಂಟು ಪುಟದ ಪತ್ರಿಕೆ, ಈಗ ನಿಂತುಹೋಗಿದೆ. ಅವರು ಪೇಟೆಯ ಒಂದು ಹಳೆಯ ಹಂಚಿನ ಕಟ್ಟಡದಲ್ಲಿ ಒಂದೇ ಕುರ್ಚಿಯ ಸೆಲೂನು ಇಟ್ಟುಕೊಂಡಿದ್ದರು. ಬೆಳಗ್ಗೆ ಕಾಪುವಿನಿಂದ ಮೊದಲ ಬಸ್ಸಿಗೆ ಬಂದು ಬಾಗಿಲು ತೆಗೆದರೆ, ಬೆಂಚಿನ ಮೇಲೆ ಆಗಲೇ ನಾಲ್ಕು ಜನ ಇರುತ್ತಿದ್ದರು. ಮಣಿಪಾಲದ ಹಾಸ್ಟೆಲಿನ ಹುಡುಗರು ಕಿವಿ ಮುಚ್ಚುವಷ್ಟು ಕೂದಲು ಬಿಡುತ್ತಿದ್ದ ಕಾಲ ಅದು. ಆ ಕೂದಲನ್ನು ಬಿಟ್ಟ ಹಾಗೆಯೂ ಕಾಣಬೇಕು, ಕತ್ತರಿಸಿದ ಹಾಗೆಯೂ ಕಾಣಬೇಕು ಎನ್ನುವವರು ಗುಡ್ಡದಿಂದ ಬಸ್ಸಿನಲ್ಲಿ ಕೆಳಗಿಳಿದು ಇವರಲ್ಲಿಗೇ ಬರುತ್ತಿದ್ದರು.

ಕ್ಷೌರದ ಅಂಗಡಿ ಎಂದರೆ ಊರಿನ ಸುದ್ದಿಯೆಲ್ಲ ಬಂದು ಬೀಳುವ ಜಾಗ ಎಂದು ನಾವು ತಿಳಿದಿರುತ್ತೇವೆ. ಸುದ್ದಿ ಅಲ್ಲಿಯೂ ಬೀಳುತ್ತಿತ್ತು, ಎತ್ತಿಕೊಳ್ಳುವವರು ಮಾತ್ರ ಅವರಾಗಿರಲಿಲ್ಲ. ಗಿರಾಕಿ ಕೂತ ಕೂಡಲೇ ಎರಡೂ ಅಂಗೈಗಳನ್ನು ಅವನ ಕೆನ್ನೆಗಳ ಮೇಲೆ ಇಟ್ಟು, ಕಣ್ಣು ಮುಚ್ಚಿ ಒಂದು ನಿಮಿಷ ನಿಲ್ಲುತ್ತಿದ್ದರು. ಕೂದಲು ಯಾವ ಕಡೆಗೆ ಬೆಳೆದಿದೆ, ಎಲ್ಲಿ ಸುಳಿ ಇದೆ, ಎಲ್ಲಿ ಹಳೆಯ ಗಾಯದ ಗಂಟು ಇದೆ ಎಂದು ಕೈಗೇ ಗೊತ್ತಾಗಬೇಕಂತೆ. ಆಮೇಲೆ ಬಿಸಿನೀರು, ನೊರೆ, ಚರ್ಮದ ಪಟ್ಟಿಗೆ ಎಂಟು ಸಲ ಉಜ್ಜಿದ ಕತ್ತಿ. ಕೊನೆಗೆ ಪಟಿಕದ ಕಲ್ಲನ್ನು ಒದ್ದೆ ಮಾಡಿ ಮುಖಕ್ಕೆಲ್ಲ ತಿಕ್ಕುತ್ತಿದ್ದರು. ಸಣ್ಣ ಗೀರು ಬಿದ್ದಿದ್ದರೂ ಅದರ ಉರಿಗೆ ಕಣ್ಣಲ್ಲಿ ನೀರು ಬರುತ್ತಿತ್ತು, ಆದರೆ ರಕ್ತ ಅಲ್ಲಿಗೇ ನಿಲ್ಲುತ್ತಿತ್ತು. ರಾಜಕೀಯದ ಬಿಸಿಯಲ್ಲಿ ಯಾರಾದರೂ ಕುರ್ಚಿಯಲ್ಲೇ ತಲೆ ಕುಣಿಸಿದರೆ ಕತ್ತಿ ಎತ್ತಿ ಹಿಡಿದು, “ಸಿಟ್ಟು ಆಮೇಲೆ ಮಾಡಿ ಮಾರಾಯ್ರೇ. ಈಗ ಗಂಟಲು ನನ್ನ ಕೈಯಲ್ಲುಂಟು” ಎನ್ನುತ್ತಿದ್ದರು. ಇಡೀ ಬೆಂಚು ನಗುತ್ತಿತ್ತು.

ಮಂಗಳವಾರ ಅವರು ಜೈಲಿಗೆ ಹೋಗುತ್ತಿದ್ದರು. ಈ ಸೀಮೆಯ ಒಂದು ತಾಲೂಕು ಪೇಟೆಯ ಸಣ್ಣ ಜೈಲು ಅದು. ಯಾವ ಪೇಟೆ ಎಂದು ಹೇಳುವುದಿಲ್ಲ, ಆಗಿನ ಅಧಿಕಾರಿಯೂ ಈಗ ಇಲ್ಲ, ಕಟ್ಟಡವೂ ಇಲ್ಲ. ವಿಚಾರಣೆಯ ಕೈದಿಗಳಿಗೆ ಅಲ್ಲಿ ವಾರಕ್ಕೊಮ್ಮೆ ಕ್ಷೌರ. ಅವರ ತಂದೆಯ ಕಾಲದಿಂದ ಬಂದ ಕೆಲಸ. ಕೈಯಲ್ಲಿ ಹತ್ಯಾರುಗಳ ಪೆಟ್ಟಿಗೆ, ಕಂಕುಳಲ್ಲಿ ಒಂದು ಗಿಡ್ಡ ಮಣೆಯನ್ನು ಇಟ್ಟುಕೊಂಡು ಬಸ್ಸು ಹತ್ತುತ್ತಿದ್ದರು. ಕೈದಿಗಳನ್ನು ನೆಲದಲ್ಲಿ ಕುಕ್ಕರಗಾಲಿನಲ್ಲಿ ಕೂರಿಸಿ ಬೋಳಿಸುವುದು ಅಲ್ಲಿಯ ಪದ್ಧತಿ. ಹಾಗೆ ಕೂತವನ ಕುತ್ತಿಗೆ ಗಟ್ಟಿಯಾಗುತ್ತದೆ, ಕತ್ತಿ ಸರಿಯಾಗಿ ಓಡುವುದಿಲ್ಲ ಎಂದು ಇವರು ಮಣೆ ಒಯ್ಯುತ್ತಿದ್ದರು. ಕತ್ತಿಯನ್ನು ಒಳಗೆ ಬಿಡುವಾಗ ವಾರ್ಡರು ನೋಡಿ ಬರೆದುಕೊಳ್ಳುತ್ತಿದ್ದ, ಹೊರಗೆ ಬರುವಾಗ ಮತ್ತೆ ನೋಡುತ್ತಿದ್ದ. ಕನ್ನಡಿಯನ್ನು ಮಾತ್ರ ಒಳಗೆ ಬಿಡುತ್ತಿರಲಿಲ್ಲ.

“ಹಾಗಾಗಿ ಹೇಗಾಯಿತು ಅಂತ ನಾನೇ ಹೇಳಬೇಕು. ಎಲ್ಲರೂ ಕೇಳ್ತಾರೆ ಮಾಷ್ಟ್ರೇ. ಜೇಬುಗಳ್ಳನೂ ಕೇಳ್ತಾನೆ, ಹೆಂಡತಿಗೆ ಕಡಿದವನೂ ಕೇಳ್ತಾನೆ. ಹೇಗಿದ್ದೇನೆ ಅಂತ” ಎಂದಿದ್ದರು ಒಮ್ಮೆ.

ನಾವಿಬ್ಬರೂ ಮಾತಾಡುತ್ತಿದ್ದುದು ತುಳುವಿನಲ್ಲಿ. ಜೈಲಿನ ವಿಷಯ ಬಂದರೆ ಮಾತ್ರ ಅವರು ತಮಗೆ ತಿಳಿಯದೆಯೇ ಕನ್ನಡಕ್ಕೆ ಹೊರಳುತ್ತಿದ್ದರು. ಅಲ್ಲಿ ಅವರನ್ನು ವಿಚಾರಿಸುವವರೆಲ್ಲ ತುಳು ಬಾರದ, ಘಟ್ಟದ ಮೇಲಿನ ಅಧಿಕಾರಿಗಳು. ಸರಕಾರದ ವಿಷಯವನ್ನು ಸರಕಾರದ ಭಾಷೆಯಲ್ಲೇ ಹೇಳಬೇಕು ಎಂಬ ಒಂದು ಬಗೆಯ ಅಂಜಿಕೆ ಅವರಲ್ಲಿತ್ತು.

ತುರ್ತು ಪರಿಸ್ಥಿತಿ ಮುಗಿದು ಒಂದೆರಡು ವರ್ಷವಾಗಿರಬೇಕು. ಕಾಪುವಿನಲ್ಲಿ ಒಬ್ಬರು ನರ್ಸಮ್ಮ ಇದ್ದರು. ಆ ಸುತ್ತಿನ ಅರ್ಧ ಮಕ್ಕಳನ್ನು ಭೂಮಿಗಿಳಿಸಿದವರು. ಜಾತಿ ಕೇಳದೆ, ಮಳೆ ಎನ್ನದೆ, ಕರೆದಲ್ಲಿಗೆ ನಡೆದುಕೊಂಡೇ ಹೋಗುತ್ತಿದ್ದರು. ಮಲ್ಪೆಯ ಒಂದು ಐಸ್ ಪ್ಲಾಂಟಿನಲ್ಲಿ ಕೆಲಸಕ್ಕಿದ್ದ ಒಬ್ಬ ಒಂದು ಮಧ್ಯಾಹ್ನ ಅವರ ಮನೆಗೆ ಹೋಗಿ, ಕುಡಿಯಲು ನೀರು ಕೇಳಿ, ನೀರು ತರಲು ಒಳಗೆ ತಿರುಗಿದವರನ್ನು ಕೊಂದ. ಎರಡು ಬಳೆ ಮತ್ತು ಒಂದು ಸರಕ್ಕಾಗಿ. ಮರುದಿನವೇ ಸಿಕ್ಕಿಬಿದ್ದ, ಒಪ್ಪಿಕೊಂಡ. ಇದರಲ್ಲಿ ಸಂಶಯವೂ ಇಲ್ಲ, ಅವನ ಪರವಾಗಿ ಹೇಳಬಹುದಾದ ಒಂದು ಮಾತೂ ನನ್ನಲ್ಲಿಲ್ಲ. ಕ್ಷೌರಿಕರಲ್ಲಿಯೂ ಇರಲಿಲ್ಲ. ಇವರ ಮಗನನ್ನೂ ಮಗಳನ್ನೂ ಹೆರಿಗೆಯಲ್ಲಿ ಎತ್ತಿಕೊಂಡದ್ದು ಅದೇ ನರ್ಸಮ್ಮ, ನರ್ಸಮ್ಮನ ಹೆಣಕ್ಕೆ ಹೆಗಲು ಕೊಟ್ಟವರಲ್ಲಿ ಇವರೂ ಒಬ್ಬರು. ಮರುದಿನ ಅಂಗಡಿಗೆ ಬಂದು ಕತ್ತಿಯನ್ನು ಪಟ್ಟಿಗೆ ಉಜ್ಜುತ್ತಾ ಉಜ್ಜುತ್ತಾ ನಿಂತುಬಿಟ್ಟದ್ದನ್ನು ನಾನು ಕಂಡಿದ್ದೆ. ಎಂಟು ಸಲ ದಾಟಿ ಎಷ್ಟೋ ಆಗಿತ್ತು.

ಆಮೇಲೆ ವಿಚಾರಣೆ ನಡೆದ ತಿಂಗಳುಗಳಲ್ಲಿ ಪ್ರತಿ ಮಂಗಳವಾರ ಅವರು ಅವನನ್ನು ಜೈಲಿನಲ್ಲಿ ಕಾಣುತ್ತಿದ್ದರು. ಆ ಮನುಷ್ಯ ಗಡ್ಡ ಬಿಟ್ಟಿದ್ದ, ಮುಟ್ಟಲು ಬಿಡುತ್ತಿರಲಿಲ್ಲ. ಬೆಂಚಿನಲ್ಲಿ ಕೂತ ನಾವು ಕೆಣಕುತ್ತಿದ್ದೆವು. “ಒಂದು ಸಲ ಕೈ ಜಾರಿತು ಅಂತ ಮಾಡಿಬಿಡಿ ಮಾರಾಯ್ರೇ, ಸರಕಾರಕ್ಕೆ ಅವನ ಅನ್ನ ಉಳೀತದೆ” ಎಂದು ಒಬ್ಬ ಹೋಟೆಲಿನವರು ಹೇಳಿದಾಗ ನಾನೂ ಬಾಯ್ತುಂಬ ನಕ್ಕಿದ್ದೆ. ಇವರು, “ಗಡ್ಡಕ್ಕೆ ಎಂತ ಗೊತ್ತುಂಟು, ಅದು ಯಾರ ಮುಖದ್ದು ಅಂತ? ತಲೆ ಸ್ವಲ್ಪ ಆಚೆ ತಿರುಗಿಸಿ” ಎಂದಷ್ಟೇ ಹೇಳಿದರು.

ಶಿಕ್ಷೆ ಹೇಳುವ ದಿನ ಕೋರ್ಟಿನ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಾಪುವಿನಿಂದ, ಉದ್ಯಾವರದಿಂದ, ಮಲ್ಪೆಯಿಂದ ಜನ ಲಾರಿಯಲ್ಲಿ ಬಂದಿದ್ದರು. ನೇಣಿಗಿಂತ ಕಡಿಮೆಯದ್ದನ್ನು ಕೇಳಲು ಯಾರೂ ಬಂದಿರಲಿಲ್ಲ. ಪೊಲೀಸರು ಅವನನ್ನು ಕರೆತಂದಾಗ ಮೊದಲು ಯಾರಿಗೂ ಗುರುತು ಸಿಗಲಿಲ್ಲ. ಗಡ್ಡವಿಲ್ಲ. ಕೂದಲು ಹದವಾಗಿ ಕತ್ತರಿಸಿ, ಎಡಕ್ಕೆ ಬೈತಲೆ ತೆಗೆದು ಬಾಚಿದೆ. ಕೆನ್ನೆ ನುಣ್ಣಗೆ ಹೊಳೆಯುತ್ತಿದೆ. ನ್ಯಾಯಾಧೀಶರು ಜೀವಾವಧಿ ಎಂದು ಓದಿದರು. ಹಿಂದಿನ ಸಾಲಿನಲ್ಲಿ ನಿಂತು ಎಲ್ಲರ ಹೆಗಲುಗಳ ಸಂದಿಯಿಂದ ನೋಡುತ್ತಿದ್ದ ನನಗೆ ಅವನ ಬಾಯಿಯ ಬಲಗಡೆ ಮೇಲೆದ್ದದ್ದು ಕಾಣಿಸಿತು. ನಕ್ಕ! ನನ್ನ ಮೈ ಉರಿದುಹೋಯಿತು.

ಆ ಉರಿಯಲ್ಲೇ ಬರೆದೆ. “ಪೇಟೆಯ ಪ್ರಸಿದ್ಧ ಕ್ಷೌರಿಕರೊಬ್ಬರಿಂದ ಅಂದವಾಗಿ ಕ್ಷೌರ ಮಾಡಿಸಿಕೊಂಡು ಮದುಮಗನಂತೆ ಬಂದಿದ್ದ ಕೊಲೆಗಾರ, ಶಿಕ್ಷೆಯನ್ನು ಕೇಳಿ ನಸುನಕ್ಕನು.” ಬರೆದ ಮೇಲೆ ಎರಡು ಸಲ ಓದಿಕೊಂಡೆ. ನನ್ನ ಬರವಣಿಗೆಯ ಬಗ್ಗೆ ನನಗೆ ಹೆಮ್ಮೆಯಾಯಿತು. ಸಂಪಾದಕರು ಆ ಸಾಲನ್ನೇ ಎತ್ತಿ ಮೇಲೆ ದಪ್ಪಕ್ಷರದಲ್ಲಿ ಹಾಕಿದರು.

ಜೀವಾವಧಿಯನ್ನು ಜನ ಹೇಗೋ ನುಂಗುತ್ತಿದ್ದರೇನೋ, ನಗುವನ್ನು ನುಂಗಲಿಲ್ಲ. ಆ ವಾರ ನನ್ನ ಶಾಲೆಯ ಮಕ್ಕಳ ಬಾಯಲ್ಲೂ ಅದೇ. ಪತ್ರಿಕೆಗೆ ಕಾಗದಗಳ ಮೇಲೆ ಕಾಗದ. ‘ಜೈಲೋ ಅತ್ತೆಮನೆಯೋ?’ ಎಂದು ಎಲ್ಲೂರಿನಿಂದ ಒಬ್ಬರು. ‘ನಗುವ ಬಾಯಿಗೆ ಮಣ್ಣು ತಿನ್ನಿಸಿ’ ಎಂದು ಒಬ್ಬ ವಕೀಲರು, ಓದಿದವರು. ಮೀನು ಮಾರ್ಕೆಟಿನ ಹೆಂಗಸೊಬ್ಬಳು ನನ್ನನ್ನು ನಿಲ್ಲಿಸಿ, “ಒಳ್ಳೇದು ಬರೆದಿರಿ ಮಾಷ್ಟ್ರೇ” ಎಂದು ಎರಡು ಬಂಗುಡೆಯನ್ನು ಹೆಚ್ಚಿಗೆ ಹಾಕಿದಳು. ನಾನು ತೆಗೆದುಕೊಂಡೆ. ನೂರಾರು ಜನ ಜೈಲಿನ ಎದುರು ಹೋಗಿ ಕೂಗಿದರು, ಹಂಚಿಗೆ ಕಲ್ಲು ಬಿತ್ತು. ಕೈದಿಯನ್ನು ಮುದ್ದು ಮಾಡುತ್ತಿದ್ದಾರೆ ಎಂದು ಅಧಿಕಾರಿಯ ಮೇಲೆ ಮೇಲಿನವರಿಗೆ ಅರ್ಜಿ ಹೋಯಿತು. ಮುದ್ದು ಮಾಡುತ್ತಿಲ್ಲ ಎಂದು ತೋರಿಸುವುದು ಅಧಿಕಾರಿಗೆ ಅಗತ್ಯವಾಯಿತು.

ಪತ್ರಿಕೆ ಬಂದ ಮೂರನೆಯ ದಿನ ಮಧ್ಯಾಹ್ನದ ಊಟದ ಹೊತ್ತಿಗೆ ಕ್ಷೌರಿಕರು ಶಾಲೆಗೆ ಬಂದರು. ಅಂಗಡಿಯನ್ನು ಹಗಲಲ್ಲಿ ಬಿಟ್ಟು ಬಂದದ್ದು ನಾನು ಕಂಡ ಹಾಗೆ ಅದೇ ಮೊದಲು. ಪತ್ರಿಕೆಯನ್ನು ಮಡಚಿ ಅಂಗಿಯ ಒಳಗೆ ಇಟ್ಟುಕೊಂಡಿದ್ದರು. ತುಳುವಿನಲ್ಲಿ ಶುರುಮಾಡಿ, ಎರಡನೆಯ ಮಾತಿಗೆ ಕನ್ನಡಕ್ಕೆ ಹೊರಳಿದರು.

“ಮಾಷ್ಟ್ರೇ, ಅವನು ನಕ್ಕದ್ದಲ್ಲ.”

“ನಾನೇ ಕಣ್ಣಾರೆ ಕಂಡಿದ್ದೇನಲ್ಲ.”

“ನೀವು ಕಂಡದ್ದು ಸರಿ. ಅದು ನಗು ಅಲ್ಲ. ಐಸ್ ಪ್ಲಾಂಟಿನಲ್ಲಿ ಮಂಜುಗಡ್ಡೆ ಎಳೆಯುವ ಕೊಕ್ಕೆ ಉಂಟಲ್ಲ, ಅದು ತಾಗಿದ ಗಾಯ. ಬಾಯಿಯ ಈ ಮೂಲೆಯಿಂದ ಇಷ್ಟುದ್ದ.” ತಮ್ಮ ತುಟಿಯ ಬಲತುದಿಯಿಂದ ಕೆನ್ನೆಯ ಮೇಲೆ ಬೆರಳಿನಲ್ಲಿ ಗೆರೆ ಎಳೆದು ತೋರಿಸಿದರು. “ಮಾಸಿದ ಮೇಲೆ ಚರ್ಮ ಮೇಲಕ್ಕೆ ಎಳೆದುಕೊಂಡುಬಿಟ್ಟಿದೆ. ಗಡ್ಡದೊಳಗೆ ಯಾರಿಗೂ ಗೊತ್ತಾಗ್ತಿರಲಿಲ್ಲ. ತೆಗೆದವನು ನಾನು.”

ತೆಗೆದ ಕತೆಯನ್ನೂ ಹೇಳಿದರು. ತೀರ್ಪಿನ ಹಿಂದಿನ ದಿನ, ಮಂಗಳವಾರ, ಅಧಿಕಾರಿ, ಕೋರ್ಟಿಗೆ ಹೋಗುವವನು ಕರಡಿಯ ಹಾಗೆ ಹೋಗಬಾರದು, ಪೂರ್ತಿ ಬೋಳಿಸು ಎಂದು ಆಜ್ಞೆ ಮಾಡಿದರಂತೆ. ಅವನು ಕ್ಷೌರ ಕೇಳಿರಲಿಲ್ಲ. ವಾರ್ಡರು ಹಿಡಿದು ಮಣೆಯ ಮೇಲೆ ಕೂರಿಸಿದ. ಕೆನ್ನೆಗೆ ಅಂಗೈ ಇಟ್ಟಾಗಲೇ ಇವರ ಕೈಗೆ ಗಾಯದ ಗಂಟು ಸಿಕ್ಕಿತ್ತು. ಬೋಳಿಸಿದರೆ ಬಾಯಿ ಹೀಗೆ ಕಾಣುತ್ತದೆ ಎಂದು ಅಷ್ಟು ಹೊತ್ತಿಗೆ ತಿಳಿದಿತ್ತು. ಆದರೂ ಅರ್ಧಂಬರ್ಧ ಮಾಡಿ ಬಿಡಲು ಕೈ ಬರಲಿಲ್ಲ.

“ಇಪ್ಪತ್ತು ವರ್ಷದಲ್ಲಿ ಒಬ್ಬರನ್ನೂ ನಾನು ಕೆಟ್ಟದಾಗಿ ಕಳಿಸಿದವನಲ್ಲ. ಅವನ ಮೇಲೆ ನನಗೆ ಸಿಟ್ಟಿಲ್ಲ ಅಂತ ಅಲ್ಲ, ಮಾಷ್ಟ್ರೇ. ನರ್ಸಮ್ಮನ ಮುಖ ಕಣ್ಣೆದುರು ಇತ್ತು. ಎಲ್ಲಿ ಕತ್ತಿ ಜಾರ್ತದೋ ಅಂತ ಹೆದರಿ ಇನ್ನೂ ನಿಧಾನ ಮಾಡಿದೆ. ಹಾಗಾಗಿ ಅಷ್ಟು ಚಂದ ಆಯಿತು.” ಆಮೇಲೆ ಇಷ್ಟನ್ನು ಸೇರಿಸಿದರು, “ಅವನೂ ಕೇಳಿದ. ಹೇಗಿದ್ದೇನೆ ಅಂತ. ಮನುಷ್ಯರ ಹಾಗೆ ಇದ್ದಿ ಅಂದೆ.”

ಅವರು ಬಂದದ್ದು ಒಂದು ಸಾಲನ್ನು ಕೇಳಲು. ಅವನು ನಕ್ಕಿರಲಿಲ್ಲ, ಅದು ಗಾಯದ ಗುರುತು ಎಂದು ಪತ್ರಿಕೆಯಲ್ಲಿ ಹಾಕಬೇಕು. ಅವನಿಗೆ ಒಳ್ಳೆಯದಾಗಲಿ ಎಂದಲ್ಲ, ಹಾಕದಿದ್ದರೆ ತಾನು ಮಾಡಿದ ಕೆಲಸ ಸುಳ್ಳು ಹೇಳಿದ ಹಾಗಾಗುತ್ತದೆ ಎಂದರು. ಸಂಪಾದಕರಿಗೆ ಹೇಳಿ ನೋಡುತ್ತೇನೆ ಎಂದೆ. ಹೇಳಲಿಲ್ಲ. ಆ ವಾರ ನನ್ನನ್ನು ರಸ್ತೆಯಲ್ಲಿ ನಿಲ್ಲಿಸಿ ಮಾತಾಡಿಸುವವರು ಹೆಚ್ಚಾಗಿದ್ದರು. ಶಾಲೆಯಲ್ಲಿ ಹೆಡ್‌ಮಾಷ್ಟ್ರು ನನಗೆ ಕುರ್ಚಿ ಎಳೆದು ಕೊಡುತ್ತಿದ್ದರು. ಒಂದು ತುಟಿಯ ಗಾಯಕ್ಕಾಗಿ ಅದನ್ನೆಲ್ಲ ಹಾಳುಮಾಡಿಕೊಳ್ಳುವ ಮನಸ್ಸು ನನಗಾಗಲಿಲ್ಲ.

ಎರಡು ವಾರ ಕಳೆದು ಅವರು ಮತ್ತೆ ಬಂದರು. “ಸಂಪಾದಕರು ಒಪ್ಪಲಿಲ್ಲ. ಕೊಲೆಗಾರನ ಪರವಾಗಿ ಬರೆದರೆ ಪ್ರೆಸ್ಸಿನ ಗಾಜು ಉಳಿಯುವುದಿಲ್ಲ ಅಂದರು” ಎಂದು ನಾನು ಹೇಳಿದೆ. ಇಷ್ಟು ಸರಾಗವಾಗಿ ನನಗೆ ಸುಳ್ಳು ಬರುತ್ತದೆ ಎಂದು ನನಗೇ ಗೊತ್ತಿರಲಿಲ್ಲ. ಅವರು ತಲೆಯಾಡಿಸಿದರು. ಹೋಗುವವರು ಹೋಗದೆ ಶಾಲೆಯ ಜಗಲಿಯಲ್ಲೇ ಕೂತರು. ಮಳೆ ಹಿಡಿದಿತ್ತು. ಜೈಲಿನಲ್ಲಿ ಹಿಂದಿನ ದಿನ ಕಂಡದ್ದನ್ನು ಹೇಳಿದರು.

ಅವನನ್ನು ಘಟ್ಟದ ಮೇಲಿನ ದೊಡ್ಡ ಜೈಲಿಗೆ ಕಳಿಸುವ ಕಾಗದ ಇನ್ನೂ ಬಂದಿರಲಿಲ್ಲ. ಅಷ್ಟರವರೆಗೆ ಕಾಲಿಗೆ ಬೇಡಿ ಹಾಕಿ, ಮೂಲೆಯ ಕೋಣೆಯಲ್ಲಿ ಒಬ್ಬನನ್ನೇ ಇಟ್ಟಿದ್ದರು. ಕಲ್ಲು ಬಿದ್ದು ಒಡೆದ ಹಂಚು ಆ ಕೋಣೆಯದ್ದೇ. ನೀರು ನೇರ ಒಳಗೆ. ಚಾಪೆ ತೆಗೆದುಕೊಂಡಿದ್ದರು. ಸ್ನಾನಕ್ಕೆ ಬಿಟ್ಟು ಎಷ್ಟು ದಿನವಾಗಿತ್ತೋ. ಬೇಡಿಯ ಕಬ್ಬಿಣ ಉಜ್ಜಿ ಉಜ್ಜಿ ಎರಡೂ ಹರಡಿನ ಸುತ್ತ ಚರ್ಮ ಹೋಗಿತ್ತು, ನೊಣ ಮುತ್ತುತ್ತಿತ್ತು. ಊರಿನವರು ಕೇಳಿದರೆ ತೋರಿಸಲಿಕ್ಕೆ ಇರಲಿ ಎಂದು ವಾರ್ಡರು ನಕ್ಕನಂತೆ.

“ಎಂತ ಮಾಡುವುದು ಹೇಳಿ. ನನ್ನ ಪೆಟ್ಟಿಗೆಯಲ್ಲಿ ಇದ್ದದ್ದು ಪಟಿಕ ಒಂದೇ. ನೀರಲ್ಲಿ ಒದ್ದೆ ಮಾಡಿ ಎರಡು ಕಾಲಿಗೂ ತಿಕ್ಕಿದೆ. ಅವನು ಕೂಗಲಿಲ್ಲ. ಹೇಗಿದ್ದೇನೆ ಅಂತ ಈ ಸಲ ಕೇಳಲೂ ಇಲ್ಲ.” ಕೊಡೆ ಬಿಡಿಸಿ ಅಂಗಳಕ್ಕೆ ಇಳಿಯುವಾಗ ಹೇಳಿದರು, “ಇದನ್ನು ಬರೀಬೇಡಿ ಮಾಷ್ಟ್ರೇ. ಬರೆದರೆ ನನ್ನನ್ನು ಒಳಗೆ ಬಿಡ್ಲಿಕ್ಕಿಲ್ಲ. ಆ ಒಂದು ಸಾಲು ಮಾತ್ರ ಹೇಗಾದರೂ ನೋಡಿ.”

ನಾನು ಬರೆಯಬೇಕಾಗಿ ಬರಲಿಲ್ಲ. ವಾರ್ಡರು ಚಾ ಅಂಗಡಿಯಲ್ಲಿ ಹೇಳಿದ, ಚಾ ಅಂಗಡಿಯಿಂದ ಬಸ್ಸಿಗೆ, ಬಸ್ಸಿನಿಂದ ಉಡುಪಿಗೆ. ಕೊಲೆಗಾರನ ಕಾಲಿಗೆ ಮುದ್ದಿನಿಂದ ಪಟಿಕ ತಿಕ್ಕಿದರಂತೆ. ಅದೇ ಕಲ್ಲನ್ನು ಮರುದಿನ ನಮ್ಮ ಕೆನ್ನೆಗೆ! ನಿಜವೆಂದರೆ ಆ ಕಲ್ಲನ್ನು ಅವರು ಅವನಿಗೇ ಕೊಟ್ಟು ಬಂದಿದ್ದರು, ಅಂಗಡಿಯ ಕಲ್ಲು ಬೇರೆಯೇ ಇತ್ತು. ಕೇಳುವವರು ಯಾರು? ಒಂದು ಶನಿವಾರ ಬೆಳಗ್ಗೆ ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕೂತಿದ್ದ ಹೋಟೆಲಿನವರು, ಆ ಕೈ ಜಾರಿಸಲು ಹೇಳಿದವರೇ, ಕೈಯೊಡ್ಡಿ ಅವರನ್ನು ತಡೆದರು.

“ಈ ಕತ್ತಿ ಅಲ್ಲಿಗೂ ಹೋಗ್ತದಾ?”

“ಹೋಗ್ತದೆ. ಯಾವಾಗಲೂ ಹೋಗ್ತಿತ್ತು. ಬಿಸಿನೀರಲ್ಲಿ ಕುದಿಸಿಯೇ ತರುವುದು.”

ಹೋಟೆಲಿನವರು ಎದ್ದು, ಕುತ್ತಿಗೆಯ ಬಟ್ಟೆಯಿಂದಲೇ ನೊರೆ ಒರೆಸಿ, ಬಟ್ಟೆಯನ್ನು ಕುರ್ಚಿಯ ಮೇಲೆ ಎಸೆದು ಹೊರಟರು. ಬೆಂಚಿನಲ್ಲಿ ನಾವು ಮೂವರಿದ್ದೆವು. ಮೊದಲು ಒಬ್ಬ ಎದ್ದ, ಆಮೇಲೆ ಇನ್ನೊಬ್ಬ. ಅವರು ಬಟ್ಟೆಯನ್ನು ಕೊಡವಿ, ನನ್ನ ಕಡೆ ತಿರುಗಿ, “ಬನ್ನಿ ಮಾಷ್ಟ್ರೇ” ಎಂದರು. ನಾನು ಗಡಿಯಾರ ನೋಡಿದೆ. ಶಾಲೆಗೆ ಹೊತ್ತಾಯಿತು ಎಂದೆ. ಅಂದು ಶಾಲೆಗೆ ರಜೆ ಇತ್ತು, ಅದು ಅವರಿಗೂ ಗೊತ್ತಿತ್ತು. ಮೆಟ್ಟಿಲಿಳಿದು ತಿರುಗಿ ನೋಡಲಿಲ್ಲ.

ಜೈಲಿಗೆ ಕಲ್ಲು ಎಸೆದವರ ಮೇಲೆ ನನಗೆ ಈಗ ಅಷ್ಟು ಸಿಟ್ಟಿಲ್ಲ. ಹೆಡ್‌ಮಾಷ್ಟ್ರು ಅಂದು ಕೇಳಿದ ಮಾತು, “ನರ್ಸಮ್ಮನ ಗಾಯಕ್ಕೆ ಯಾರು ಪಟಿಕ ಹಚ್ಚಿದ್ದಾರೆ?” ಎನ್ನುವುದು, ತಪ್ಪೆಂದು ಇವತ್ತಿಗೂ ನಾನು ಹೇಳಲಾರೆ. ಆ ಜನರ ದುಃಖ ನಿಜವಾದದ್ದು. ನನಗೆ ಮರೆಯಲಾಗದ್ದು ಬೇರೆ ಒಂದು ವಿಷಯ. ನಾವು ಯಾರೂ ನರ್ಸಮ್ಮನ ಮನೆಗೆ ಮತ್ತೆ ಹೋಗಲಿಲ್ಲ. ಹಾಸಿಗೆ ಹಿಡಿದ ಅವರ ತಾಯಿ ಒಬ್ಬರು ಅಲ್ಲಿ ಉಳಿದಿದ್ದರು. ಅವರಿಗೆ ಗಂಜಿ ಮುಟ್ಟಿಸುತ್ತಿದ್ದುದು ಕ್ಷೌರಿಕರ ಹೆಂಡತಿ. ನೇಣು ಹಾಕಿ ಎಂದು ಲಾರಿ ಹತ್ತಿ ಬಂದವರಲ್ಲಿ ಒಬ್ಬನೂ ಆ ಮುದುಕಿ ಉಂಡಳೇ ಎಂದು ಕೇಳಿದ್ದನ್ನು ನಾನು ಕೇಳಲಿಲ್ಲ. ನಮಗೆ ಬೇಕಾಗಿದ್ದದ್ದು ಅವನ ನಗು. ಅದನ್ನು ನಾನು ಒದಗಿಸಿದ್ದೆ.

ಮಳೆಗಾಲ ಮುಗಿಯುವುದರೊಳಗೆ ಅಂಗಡಿ ಮುಚ್ಚಿತು. ಅವರು ಕಾರ್ಕಳಕ್ಕೆ ಹೋದರೆಂದು ಕೇಳಿದೆ. ನಾನು ಮಣಿಪಾಲದಲ್ಲಿ ಹೊಸದಾಗಿ ಆದ, ತಿರುಗುವ ಕುರ್ಚಿಯ ಸೆಲೂನಿಗೆ ಹೋಗತೊಡಗಿದೆ. ಅಲ್ಲಿ ರೇಡಿಯೋ ಇತ್ತು, ದೊಡ್ಡ ಕನ್ನಡಿಗಳಿದ್ದವು, ಮುಖ ಮುಟ್ಟಿ ನೋಡುವವರು ಯಾರೂ ಇರಲಿಲ್ಲ. ಆ ಕೈದಿಯನ್ನು ದೊಡ್ಡ ಜೈಲಿಗೆ ಸಾಗಿಸಿದರು. ಎರಡನೆಯ ವರ್ಷ ಅವನು ಅಲ್ಲಿ ಸತ್ತ. ಕಾಲಿನ ಗಾಯ ಮಾಸಲೇ ಇಲ್ಲ, ವಿಷವೇರಿತು ಎಂದು ಯಾರೋ ಹೇಳಿದರು. ಪತ್ರಿಕೆಗೆ ಎರಡು ಸಾಲು ಬರೆದವನು ನಾನೇ. ಗಾಯದ ವಿಷಯ ಬರೆಯಲಿಲ್ಲ, ಅನಾರೋಗ್ಯದಿಂದ ಎಂದು ಬರೆದೆ.

ಆಮೇಲೆ ಐದಾರು ವರ್ಷಕ್ಕೆ ಪರೀಕ್ಷೆಯ ಕೆಲಸದ ಮೇಲೆ ಕಾರ್ಕಳಕ್ಕೆ ಹೋಗಬೇಕಾಯಿತು. ಬೆಳಗ್ಗೆ ಗಡ್ಡ ತೆಗೆಯದೆ ಬಸ್ಸು ಹತ್ತಿದ್ದೆ. ಅಲ್ಲಿ ಇಳಿದು, ಬಸ್‌ಸ್ಟ್ಯಾಂಡಿನ ಹಿಂದೆ ಕಂಡ ಒಂದು ತಗಡಿನ ಸೂರಿನ ಸೆಲೂನಿಗೆ ನುಗ್ಗಿ ಕೂತೆ. ಎರಡು ಅಂಗೈಗಳು ಕೆನ್ನೆಯ ಮೇಲೆ ಬಂದು ನಿಂತವು. ಕನ್ನಡಿ ನೋಡುವ ಮೊದಲೇ ನನಗೆ ಗೊತ್ತಾಯಿತು. ಅವರಿಗೂ ಗೊತ್ತಾಗಿರಬೇಕು, ಕೈ ಒಂದು ನಿಮಿಷಕ್ಕಿಂತ ಹೆಚ್ಚು ಹೊತ್ತು ಅಲ್ಲೇ ಇತ್ತು. ಕೂದಲು ಪೂರಾ ಬೆಳ್ಳಗಾಗಿತ್ತು. ಬೆಂಚು ಖಾಲಿ ಇತ್ತು. ಕುಶಲ ಕೇಳಿದರು, ಮಗಳು ನರ್ಸಿಂಗ್ ಕಲಿಯುತ್ತಿದ್ದಾಳೆ ಎಂದರು. ಎಲ್ಲ ತುಳುವಿನಲ್ಲಿ. ನನಗೆ ಸ್ವಲ್ಪ ಧೈರ್ಯ ಬಂತು. ಕತ್ತಿಯನ್ನು ಎಂಟು ಸಲ ಉಜ್ಜಿ, ನನ್ನ ಗದ್ದ ಎತ್ತಿ ಹಿಡಿದು, ಗಂಟಲಿನ ಮೇಲೆ ಕತ್ತಿ ಇಟ್ಟ ಮೇಲೆ ಅವರು ಕನ್ನಡಕ್ಕೆ ಹೊರಳಿದರು.

“ಆಮೇಲೆ ನಾನೇ ಹೋಗಿದ್ದೆ ಮಾಷ್ಟ್ರೇ, ನಿಮ್ಮ ಸಂಪಾದಕರ ಹತ್ತಿರ.”

ನಾನು ಉಗುಳು ನುಂಗಲೂ ಹೆದರಿದೆ.

“ಅಂಗಡಿ ಬಿಡುವ ಮೊದಲಿನ ವಾರ. ಅವರು ಎಂತ ಹೇಳಿದರು ಗೊತ್ತುಂಟಾ? ಈ ವಿಷಯ ನನಗೆ ಗೊತ್ತೇ ಇಲ್ಲವಲ್ಲ, ಮಾಷ್ಟ್ರು ನನ್ನ ಹತ್ತಿರ ಹೇಳಲೇ ಇಲ್ಲ ಅಂದರು. ವರದಿ ಮಾಷ್ಟ್ರದ್ದು, ಮಾಷ್ಟ್ರು ಬರೆದು ಕೊಟ್ಟರೆ ಬರುವ ವಾರವೇ ಹಾಕ್ತೇನೆ ಅಂದರು.” ಕತ್ತಿ ಒಂದೇ ಹದದಲ್ಲಿ ಕೆಳಗಿನಿಂದ ಮೇಲೆ ಬಂತು. “ಅವನು ಆಗ ಬದುಕಿದ್ದ.”

“ಮತ್ತೆ ನನ್ನ ಹತ್ತಿರ ಯಾಕೆ ಬರಲಿಲ್ಲ?” ಕತ್ತಿ ಗಂಟಲಿನಿಂದ ಎದ್ದ ಕೂಡಲೇ ಕೇಳಿದೆ.

“ನೀವು ಬೆಂಚಿನಿಂದ ಎದ್ದು ಹೋದಿರಲ್ಲ. ಹಾಗೆ ಎದ್ದು ಹೋದವರನ್ನು ಮತ್ತೆ ಹೇಗೆ ಕರೆಯುವುದು? ತಲೆ ಸ್ವಲ್ಪ ಆಚೆ.”

ಅಷ್ಟೇ. ಒಂದು ಗೀರೂ ಬೀಳಲಿಲ್ಲ. ಉಳಿದದ್ದನ್ನು ಅದೇ ನಿಧಾನದಲ್ಲಿ ಮುಗಿಸಿ, ಪಟಿಕವನ್ನು ಒದ್ದೆ ಮಾಡಿ ಕೆನ್ನೆಗೆ, ಗಂಟಲಿಗೆ ತಿಕ್ಕಿದರು. ಗಾಯವಿಲ್ಲದ ಮುಖಕ್ಕೆ ಅದು ಉರಿಯಬಾರದು. ಕನ್ನಡಿಯನ್ನು ನನ್ನ ಕಡೆ ತಿರುಗಿಸಿ ಹಿಡಿದರು. ನಾನು ನೋಡಲಿಲ್ಲ. ಹೇಗಿದ್ದೇನೆ ಎಂದು ಕೇಳುವ ಧೈರ್ಯವೂ ಆಗಲಿಲ್ಲ, ಏಕೆಂದರೆ ಅವರು ಎಂದೂ ಸುಳ್ಳು ಹೇಳಿದವರಲ್ಲ.

ಮೊನ್ನೆ ಕಾಪುವಿಗೆ ಹೋಗಿದ್ದೆ. ದಹನ ಮುಗಿದಿತ್ತು. ಜಗಲಿಯ ಮೂಲೆಯಲ್ಲಿ ಆ ಗಿಡ್ಡ ಮಣೆ ಇತ್ತು, ಮನೆಗೆ ಬಂದವರು ಅದರ ಮೇಲೆ ಚಪ್ಪಲಿ ಬಿಟ್ಟಿದ್ದರು. ಅವರ ಮಗಳು ನನ್ನ ಗುರುತು ಹಿಡಿದಳು. “ನೀವು ಪೇಪರಿನ ಮಾಷ್ಟ್ರಲ್ವಾ? ಅಪ್ಪ ಕೊನೆಕೊನೆಗೂ ಕೇಳ್ತಿದ್ದರು, ಆ ಸಾಲು ಬಂತಾ ಅಂತ. ಯಾವ ಸಾಲು ಅಂತ ನಮಗೆ ಗೊತ್ತಾಗಲಿಲ್ಲ. ತಲೆ ಸರಿ ಇಲ್ಲ ಅಂತ ನಾವು ಗ್ರಹಿಸಿದ್ದು” ಎಂದಳು.

ತಲೆ ಸರಿಯಾಗಿಯೇ ಇತ್ತು ಮಗಾ. ಆ ಪತ್ರಿಕೆ ಈಗ ಇಲ್ಲ, ಸಂಪಾದಕರೂ ಇಲ್ಲ, ಓದಿ ಸಿಟ್ಟಾಗುವವರಿಗೂ ವಯಸ್ಸಾಯಿತು. ಯಾರಿಗೂ ಏನೂ ಉಪಯೋಗವಿಲ್ಲದ ಹೊತ್ತಿಗೆ ಮಾಷ್ಟ್ರು ಬರೆದು ಕೊಡುತ್ತಿದ್ದಾರೆ. ಅವನು ನಕ್ಕಿರಲಿಲ್ಲ. ಅದು ಕೊಕ್ಕೆಯ ಗಾಯದ ಗುರುತು.